ಒಂದು ಮೊರ ತೌಡು

ಐಮನ್ ಮನೆಯಿಂದ ಇವತ್ತು ಯಾರು ಬರುತ್ತಾರೆ ಎನ್ನುವುದೊಂದು ಗೊತ್ತಾಗಿಬಿಟ್ಟಿದ್ದರೆ ಸಾಕಿತ್ತು. ಏಳನೇ ತರಗತಿಯ ಆ ಹುಡುಗಿಯ ತಾಯಿ ಫಾಯಿಜಾ ಬಂದರೆ ಭಯವಿಲ್ಲ. ಜೂನ್‌ನಲ್ಲಿ ಮಗಳನ್ನು ಸೇರಿಸಲು ಬಂದಾಗ ಇಂಗ್ಲಿಷ್ ಮೇಷ್ಟ್ರು ಮಲ್ಲಿಕಾರ್ಜುನನ ಎದುರಿಗೇ ನಿಂತು ಫಾರಂ ತುಂಬಿದ್ದಳು. ಅವಳಿಗೆ ಇವನ ಗುರುತಿರಲಿಲ್ಲ, ಅವಳು ಯಾರ ಸೊಸೆಯೆಂದು ಇವನಿಗೂ ಆಗ ಗೊತ್ತಿರಲಿಲ್ಲ. ತಂದೆ ನವೀದ್ ಬಂದರೆ ಕಷ್ಟ. ಆದರೆ ಅವನು ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿರುವವನು, ಹಗಲು ಶಿಫ್ಟು ಬಿಟ್ಟು ಬರಲಾರ. ಉಳಿದವಳು ಅಜ್ಜಿ. ಆ ಮುದುಕಿ ಮಾತ್ರ ಬರದಿರಲಿ ಎಂದು ಬೆಳಿಗ್ಗೆ ಪೂಜೆಗೆ ಕೂತಾಗ ಬೇಡಿಕೊಂಡಿದ್ದ. ಬೇಡಿಕೊಂಡ ಮೇಲೆ, ಯಾರನ್ನು ಕುರಿತು ಎಂಥದ್ದನ್ನು ಬೇಡಿದೆ ಎಂದು ಹೊಳೆದು, ಅಂಗೈ ಮೇಲಿದ್ದ ಲಿಂಗವನ್ನು ನೋಡಲಾರದೆ ಕಣ್ಣು ಮುಚ್ಚಿದ್ದ. ‘ಎಷ್ಟೊತ್ತೂರೀ ಪೂಜೆ, ಇಡ್ಲಿ ಆರೋಗ್ತಿದೆ’ ಎಂದು ಹೆಂಡತಿ ಸುಮನಾ ಅಡುಗೆಮನೆಯಿಂದ ಇಣುಕಿದಳು. ಮದುವೆಯಾಗಿ ಎಂಟು ವರ್ಷವಾದರೂ ಅವಳಿಗೆ ಹೇಳಿರದ ಒಂದೇ ಒಂದು ವಿಷಯವನ್ನು ತಗಡಿನ ಟ್ರಂಕಿನ ಹಾಗೆ ಮಂಚದ ಕೆಳಗೆ ತಳ್ಳಿಟ್ಟುಕೊಂಡು ಬಂದವನು, ನಗುತ್ತಲೇ ಎದ್ದು ಹೋಗಿ ಇಡ್ಲಿ ತಿಂದ.

ಈಗ ಹತ್ತೂವರೆ. ಹನ್ನೊಂದಕ್ಕೆ ಹೆಡ್‌ಮಾಸ್ಟರ್ ರೂಮಿಗೆ ಹೋಗಬೇಕು. ಎದುರಿಗೆ ಏಳನೇ ಬಿ ಸೆಕ್ಷನ್ನಿನ ನಲವತ್ತು ಮಕ್ಕಳು ತಲೆ ತಗ್ಗಿಸಿ ಪ್ರಶ್ನೋತ್ತರ ಬರೆಯುತ್ತಿವೆ. ಮೂರನೇ ಬೆಂಚಿನ ಗೋಡೆ ಪಕ್ಕದಲ್ಲಿ ಐಮನ್ ಒಬ್ಬಳೇ ಬರೆಯದೆ ಕಿಟಕಿಯಾಚೆ ಗೇಟಿನ ಕಡೆ ನೋಡುತ್ತಿದ್ದಾಳೆ. ಅವಳ ಪಕ್ಕ ಕೂರುತ್ತಿದ್ದ ಹುಡುಗಿ ಸೋಮವಾರದಿಂದ ಹಿಂದಿನ ಬೆಂಚಿಗೆ ಹೋಗಿದ್ದಾಳೆ. ಬರಿ ಎಂದು ಗದರಿಸಬೇಕು, ಅದು ಅವನ ಕೆಲಸ. ಬಾಯಿ ಬರಲಿಲ್ಲ. ಶುಕ್ರವಾರ ಬಾಯಿಗೆ ಬಂದದ್ದೇ ಹೆಚ್ಚಾಯಿತಲ್ಲ, ಥೂ, ಎಂದುಕೊಂಡ.

ತಪ್ಪು ಪಾಠದ್ದೂ ಅಲ್ಲ. ಇಂಗ್ಲಿಷ್ ರೀಡರಿನ ಆರನೇ ಪಾಠ, ಯಾವುದೋ ದ್ವೀಪದ ಹುಡುಗನೊಬ್ಬ ತನ್ನ ಮನೆತನದವರು ದೋಣಿ ಕಟ್ಟುತ್ತಿದ್ದರೆಂದು ಅಜ್ಜನಿಂದ ತಿಳಿದುಕೊಂಡು ಹೆಮ್ಮೆ ಪಡುವ ಕತೆ. ಪಾಠದ ಕೊನೆಯಲ್ಲಿ ಒಂದು ಪ್ರಶ್ನೆ: ನಿಮ್ಮ ಮನೆಯಲ್ಲಿ ಮಾತ್ರ ಇರುವ, ಬೇರೆ ಯಾರ ಮನೆಯಲ್ಲೂ ಇಲ್ಲದ ಒಂದು ಸಂಗತಿಯನ್ನು ಹಿರಿಯರಿಂದ ಕೇಳಿ ಒಂದು ಪುಟ ಬರೆಯಿರಿ. ಬೇರೆ ಮೇಷ್ಟ್ರಾಗಿದ್ದರೆ ಗೈಡಿನಿಂದ ಒಂದು ಪುಟ ಬರೆಸಿ ಕೈ ತೊಳೆದುಕೊಳ್ಳುತ್ತಿದ್ದರು. ಇವನೇ ದೊಡ್ಡ ಮನುಷ್ಯನ ಹಾಗೆ, ‘ಗೈಡ್ ಮುಟ್ಟಿದ್ರೆ ಕೈ ಮುರೀತೀನಿ, ಮನೇಲಿ ಅಜ್ಜ ಅಜ್ಜಿ ಹತ್ರ ಕೂತು ಕೇಳಿ ನಿಜಾನೇ ಬರ್ಕೊಂಡು ಬನ್ನಿ’ ಎಂದಿದ್ದ. ಅಷ್ಟಕ್ಕೇ ಬಿಡದೆ ಮಾದರಿಗೆಂದು ತನ್ನ ಮನೆತನವನ್ನೇ ಬೋರ್ಡಿನ ಮೇಲೆ ಬರೆದಿದ್ದ. ಮುತ್ತಜ್ಜ ಮಠಕ್ಕೆ ವರ್ಷಕ್ಕೊಮ್ಮೆ ಬರಿಗಾಲಲ್ಲಿ ನಡೆದು ಹೋಗುತ್ತಿದ್ದದ್ದು, ಗುರುಗಳು ಕೊಟ್ಟ ಬೆತ್ತ ಇಂದಿಗೂ ದೇವರ ಕೋಣೆಯಲ್ಲಿರುವುದು, ತಂದೆ ಚನ್ನವೀರಯ್ಯ ಸಿ.ಎಸ್. ಪುರದಲ್ಲಿ ಊರಿಗೆಲ್ಲ ಬೇಕಾದವರಾಗಿ ಕಿರಾಣಿ ಅಂಗಡಿ ನಡೆಸಿದ್ದು. ಒಂದೂ ಸುಳ್ಳಲ್ಲ. ಬರೆದು ಮುಗಿಸಿ ದೂರ ನಿಂತು ನೋಡಿದಾಗ ಅಕ್ಷರಗಳು ಚೆಂದ ಕಂಡವು. ಆ ಮನೆಯಲ್ಲಿ ಮಾತ್ರ ಇದ್ದ, ಬೇರೆ ಯಾರ ಮನೆಯಲ್ಲೂ ಇಲ್ಲದ ಸಂಗತಿ ಬೋರ್ಡಿನ ಮೇಲೆ ಇರಲಿಲ್ಲ, ಅಷ್ಟೇ.

ಶುಕ್ರವಾರ ಒಬ್ಬೊಬ್ಬರನ್ನೇ ನಿಲ್ಲಿಸಿ ಓದಿಸಿದ. ನಮ್ಮದು ಅವಿಭಕ್ತ ಕುಟುಂಬ, ನಮ್ಮ ತಾತ ಪಟೇಲರಾಗಿದ್ದರು, ನಮ್ಮ ಮನೆಯಲ್ಲಿ ನೂರು ವರ್ಷದ ಹಂಡೆ ಇದೆ. ಎಲ್ಲ ಅವನ ಬೋರ್ಡಿನದೇ ನಕಲು. ಆಮೇಲೆ ಐಮನ್ ಎದ್ದಳು. ತಡೆತಡೆದು, ಒಂದೊಂದು ಶಬ್ದದ ಮೇಲೂ ಬೆರಳಿಟ್ಟು ಅವಳು ಇಂಗ್ಲಿಷಿನಲ್ಲಿ ಓದಿದ್ದು ಇಷ್ಟು: ನಮ್ಮ ಮನೆಯಲ್ಲಿ ಮಾತ್ರ ಇರುವ ಸಂಗತಿ ಏನೆಂದರೆ ನನಗೆ ಒಬ್ಬ ದೊಡ್ಡಪ್ಪ ಇದ್ದಾರೆ, ಅವರ ಕೊರಳಲ್ಲಿ ಲಿಂಗ ಇದೆ. ಅವರನ್ನು ನನ್ನ ಅಜ್ಜಿ ಮುನವ್ವರಾ ಒಂದು ಮೊರ ತೌಡು ಕೊಟ್ಟು ಕೊಂಡುಕೊಂಡರು. ಯಾಕೆಂದರೆ ಅವರ ತಾಯಿಗೆ ಹುಟ್ಟಿದ ಮಕ್ಕಳೆಲ್ಲ ಸತ್ತುಹೋಗುತ್ತಿದ್ದವು. ಅಜ್ಜಿ ಅವರಿಗೆ ಸಾಬಣ್ಣ ಎಂದು ಹೆಸರಿಟ್ಟರು. ಸಾಬಣ್ಣ ದೊಡ್ಡಪ್ಪ ಸಾಯಲಿಲ್ಲ, ಓದಿ ದೊಡ್ಡ ಕೆಲಸದಲ್ಲಿದ್ದಾರೆ. ತೌಡು ವಾಪಸು ಕೊಟ್ಟು ಅವರನ್ನು ಯಾರೂ ಬಿಡಿಸಿಕೊಂಡಿಲ್ಲ. ಆದ್ದರಿಂದ ಅವರು ಇನ್ನೂ ನಮ್ಮವರೇ.

ಕ್ಲಾಸು ಘೊಳ್ಳೆಂದಿತು. ‘ತೌಡಿಗೆ ದೊಡ್ಡಪ್ಪ ಸಿಗ್ತಾರಂತೆ ಕಣ್ರೋ’ ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಅವರನ್ನು ಸುಮ್ಮನಿರಿಸಬೇಕಾದವನು ಮೇಜು ಹಿಡಿದು ನಿಂತಿದ್ದ. ಮೂವತ್ತಾರು ವರ್ಷದ ಕೆಳಗೆ ತನಗೆ ಇಟ್ಟ ಹೆಸರನ್ನು ಹನ್ನೆರಡು ವರ್ಷದ ಹುಡುಗಿ ಇಂಗ್ಲಿಷಿನಲ್ಲಿ ಕರೆದದ್ದು ಕೇಳಿ ಮೊದಲ ಗಳಿಗೆಯಲ್ಲಿ ಆದದ್ದು, ಹೇಳಲಿಕ್ಕೆ ನಾಚಿಕೆ, ಸಂತೋಷ. ಓ ಎಂದುಬಿಡುವುದರಲ್ಲಿದ್ದ. ಎರಡನೆಯ ಗಳಿಗೆಯಲ್ಲಿ ಹೆದರಿಕೆ ಬಂತು. ಬಂದದ್ದೇ ಹುಡುಗಿಯ ಕೈಯಿಂದ ನೋಟ್‌ಬುಕ್ಕು ಕಿತ್ತುಕೊಂಡು, ಪುಟಕ್ಕೆ ಅಡ್ಡಲಾಗಿ ಕೆಂಪು ಗೆರೆ ಎಳೆದು, ಇದು ಸುಳ್ಳು, ನಿಜವನ್ನು ಮಾತ್ರ ಬರೆ ಎಂದು ಇಂಗ್ಲಿಷಿನಲ್ಲಿ ಬರೆದ. ‘ಸಾರ್, ನಿಜ ಸಾರ್. ದಾದಿ ಆಣೆಗೂ ನಿಜ’ ಎಂದು ಹುಡುಗಿ ಅಜ್ಜಿಯ ಮೇಲೆ ಆಣೆಯಿಟ್ಟಳು. ‘ಬಾಯ್ಮುಚ್ಚು, ಸುಳ್ಳಿ’ ಎಂದ. ಸುಳ್ಳಿ ಎನ್ನುವ ಮಾತನ್ನು ಅವನು ಯಾವ ಮಗುವಿಗೂ ಅಂದವನಲ್ಲ. ಅಂದು ಮುಗಿದ ಮೇಲೆ ಒಳಗಿನಿಂದ ಇನ್ನೊಂದು ದನಿ ಅದೇ ಮಾತನ್ನು ಅವನಿಗೆ ಹೇಳಿತು, ಅವತ್ತಿನಿಂದ ಹೇಳುತ್ತಲೇ ಇದೆ.

ಹೆತ್ತವಳು ಕಲ್ಲಮ್ಮ ಈ ಕತೆಯನ್ನು ಎಷ್ಟು ಸಲ ಹೇಳಿದ್ದಳೋ. ಮೂರು ಮಕ್ಕಳು ಹಲ್ಲು ಮೂಡುವ ಮುಂಚೆಯೇ ಹೋದವು. ನಾಲ್ಕನೆಯದಾಗಿ ಇವನು ಹುಟ್ಟಿದ ಹನ್ನೊಂದನೇ ದಿನ, ಪಾತ್ರೆಗಳಿಗೆ ಕಲಾಯಿ ಹಾಕುವ ದಸ್ತಗೀರ್ ಸಾಬನ ಹೆಂಡತಿ ಮುನವ್ವರಾಳನ್ನು ಕರೆಸಿದರು. ಅವಳು ಒಂದು ಮೊರ ತೌಡು ತಂದು ಕಲ್ಲಮ್ಮನ ಸೆರಗಿಗೆ ಸುರಿದು, ಮಗುವನ್ನು ಮೊರಕ್ಕೆ ಹಾಕಿಕೊಂಡು ತನ್ನ ಮನೆಯ ಹೊಸ್ತಿಲು ದಾಟಿಸಿದಳು. ಸಾವು ಚನ್ನವೀರಯ್ಯನ ಕೂಸನ್ನು ಹುಡುಕಿಕೊಂಡು ಬಂದರೆ ಅಲ್ಲಿ ಕೂಸೇ ಇಲ್ಲ, ಇರುವುದು ಸಾಬರ ಕೂಸು. ಬಲಗಿವಿ ಒಂದಕ್ಕೇ ಚುಚ್ಚಿ ತಾಮ್ರದ ಮುರುವು ಹಾಕಿ, ಸಂಜೆಗೆ ತಂದು, ‘ತಗಳವ್ವ, ನನ್ ಮಗನ್ನ ಸಾಕ್ಕೊಡು’ ಎಂದು ವಾಪಸು ಮಲಗಿಸಿದಳು. ಅಲ್ಲಿಂದ ಮೇಲೆ ಮೊಹರಮ್ಮಿನ ಬಾಬಯ್ಯನ ಹಬ್ಬಕ್ಕೆ ಹೊಸ ಅಂಗಿ ಅವಳ ಮನೆಯಿಂದ, ಕೊರಳಿಗೆ ಹರಕೆಯ ಕೆಂಪು ಲಾಡಿ ಅವಳ ಕೈಯಿಂದ. ಲಾಡಿಯೂ ಲಿಂಗದ ದಾರವೂ ಒಂದೇ ಕೊರಳಲ್ಲಿ ಸಿಕ್ಕು ಬಿದ್ದರೆ ಇಬ್ಬರು ತಾಯಂದಿರೂ ಕೂತು ಬಿಡಿಸುತ್ತಿದ್ದರು. ‘ಏನ್ಲಾ ಸಾಬಣ್ಣ, ಉಂಡ್ಯೇನ್ಲಾ’ ಎಂದು ಮುನವ್ವರಾ ಬೀದಿಯ ಆ ತುದಿಯಿಂದ ಕೂಗುತ್ತಿದ್ದಳು. ಅವನು ಅವಳ ಮಗ ನವೀದನ ಜೊತೆ ತಿದಿ ಒತ್ತುತ್ತಾ ಕೂತು, ದಸ್ತಗೀರ್ ಸಾಬ ಕಾದ ಪಾತ್ರೆಗೆ ನವಸಾಗರ ಎರಚಿ ಬಟ್ಟೆಯಲ್ಲಿ ಒಂದು ಸುತ್ತು ಒರೆಸಿದರೆ ಕಪ್ಪು ಪಾತ್ರೆ ಬೆಳ್ಳಗಾಗುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಆಗ ನಾಚಿಕೆ ಎಂಬುದೇ ಇರಲಿಲ್ಲ. ಅದು ಎಲ್ಲಿಂದ ಶುರುವಾಯಿತು ಎಂದು ಯೋಚಿಸಿದರೆ ತುಮಕೂರಿನ ಹಾಸ್ಟೆಲಿನ ಗೇಟು ಕಣ್ಣಿಗೆ ಬರುತ್ತದೆ. ಹಾಗಲವಾಡಿ ಕಡೆ ಕೆಲಸ ಮುಗಿಸಿಕೊಂಡು ಗುಬ್ಬಿಗೆ ಬಂದಿದ್ದ ದಸ್ತಗೀರ್ ಸಾಬ, ಬಸ್ಸು ಹತ್ತಿ ತುಮಕೂರಿಗೇ ಬಂದು, ಮಸಿ ಹಿಡಿದ ಕೈಯಲ್ಲಿ ಕಡಲೆಪುರಿ ಪೊಟ್ಟಣ ಹಿಡಿದು, ‘ಸಾಬಣ್ಣಾ’ ಎಂದು ಗೇಟಿನಾಚೆಯಿಂದ ಕೂಗಿದ್ದ. ಹುಡುಗರು, ‘ಯಾರೋ ಸಾಬಣ್ಣ?’ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವನೂ ಅವರ ಜೊತೆ ಸೇರಿ ಸುತ್ತಮುತ್ತ ನೋಡಿದ.

ತನ್ನ ಮದುವೆಯ ದಿನ ಕುಣಿಗಲ್ಲಿನ ಛತ್ರದಲ್ಲಿ ಮಾಡಿದ್ದರ ಮುಂದೆ ಅದೆಲ್ಲ ಏನೂ ಅಲ್ಲ. ತೊಂಬತ್ತಮೂರನೇ ಇಸವಿಯ ಮೇ ತಿಂಗಳು, ದೇಶದ ತುಂಬ ಗಲಾಟೆಯಾಗಿ ಆರು ತಿಂಗಳೂ ಆಗಿರಲಿಲ್ಲ. ಸುಮನಾಳ ತಂದೆ ಮಠಾಧೀಶರ ಜೊತೆ ಓಡಾಡುವ ವರ್ತಕರು. ಕೊಂಡುಕೊಂಡ ಮಗ ಹಸೆಗೆ ಕೂರುವ ಮುಂಚೆ ಹೆತ್ತವಳು ಒಂದು ಮೊರ ತೌಡು ವಾಪಸು ಕೊಟ್ಟು ಅವನನ್ನು ಬಿಡಿಸಿಕೊಳ್ಳಬೇಕು, ಅದು ಕಟ್ಟಳೆ. ಕಲ್ಲಮ್ಮ ಬೀಗರಿಗೆ ಕಾಣದಂತೆ ಚೀಲದಲ್ಲಿ ತೌಡು ಕಟ್ಟಿಕೊಂಡು ಬಂದಿದ್ದಳು. ಮುನವ್ವರಾ ಹೊಸ ಮೊರಕ್ಕೆ ಅರಿಶಿನ ಹಚ್ಚಿಕೊಂಡು ಗಂಡನ ಜೊತೆ ಮೊದಲ ಬಸ್ಸಿಗೇ ಬಂದು ಊಟದ ಹಾಲಿನ ಬಾಗಿಲಲ್ಲಿ ನಿಂತಿದ್ದಳು. ಮಾವನವರು, ‘ಇವರ್ಯಾರು ಅಳಿಯಂದ್ರೆ?’ ಎಂದರು. ‘ನಮ್ಮೂರಲ್ಲಿ ಪಾತ್ರೆಗೆ ಕಲಾಯಿ ಹಾಕೋರು’ ಎಂದ. ಅದೂ ಸುಳ್ಳಲ್ಲ ನೋಡಿ. ಅವನ ಸುಳ್ಳುಗಳೆಲ್ಲ ಇಂಥವೇ, ಯಾವ ಕೋರ್ಟಿನಲ್ಲೂ ಹಿಡಿಯಲು ಬಾರದಂಥವು. ಮುನವ್ವರಾ ಕೇಳಿಸಿಕೊಂಡಳು. ಕೊನೆಯ ಪಂಕ್ತಿಯಲ್ಲಿ ಗಂಡಹೆಂಡಿರು ಉಂಡು, ಮಧ್ಯಾಹ್ನದ ಬಸ್ಸಿಗೆ ಖಾಲಿ ಮೊರ ಹಿಡಿದುಕೊಂಡು ಹೊರಟುಹೋದರು. ಕಲ್ಲಮ್ಮ ಸಾಯುವವರೆಗೂ, ‘ಆ ತೌಡು ಕೊಟ್ಟು ಬಾರಪ್ಪ, ನೀನು ನನ್ನ ಮಗ ಆಗಿ ನನ್ ಬಾಯಿಗೆ ನೀರು ಬಿಡು’ ಎನ್ನುತ್ತಿದ್ದಳು. ಚೀಲಕ್ಕೆ ಹುಳ ಬಿತ್ತು. ಅವಳು ಸತ್ತ ಸುದ್ದಿಯನ್ನೂ ಅವನು, ಅಷ್ಟರಲ್ಲಿ ಊರು ಬಿಟ್ಟು ಹೋಗಿದ್ದ ಮುನವ್ವರಾಗೆ ಮುಟ್ಟಿಸಲಿಲ್ಲ.

‘ಸಾರ್, ಎಚ್ಚೆಮ್ಮು ಕರೀತಾವ್ರೆ’ ಎಂದು ಜವಾನ ಚಿಕ್ಕರಂಗಯ್ಯ ಬಾಗಿಲಲ್ಲಿ ನಿಂತು ಹೇಳಿದ. ‘ಆ ಮಗೀನೂ ಕರ್ಕೊಂಡ್ ಬರ್ಬೇಕಂತೆ. ಅವ್ರಜ್ಜಿ ಬಂದವ್ರೆ.’

ವರಾಂಡದ ಉದ್ದಕ್ಕೂ ಹುಡುಗಿ ಮುಂದೆ, ಅವನು ಹಿಂದೆ. ಅವಳು ಓಡುವ ಹಾಗೆ ನಡೆಯುತ್ತಿದ್ದಳು. ದಾದಿ ಬಂದಿದ್ದಾರೆ, ಇನ್ನೇನು ಹೇಳಿಬಿಡುತ್ತಾರೆ, ನಿಜ ನಿಜವೇ ಆಗಿಬಿಡುತ್ತದೆ. ಅವಳ ಬೆನ್ನಿನಲ್ಲೇ ಅಷ್ಟು ಧೈರ್ಯ ಕಾಣುತ್ತಿತ್ತು. ಅವನಿಗೆ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಳ್ಳಬೇಕು ಅನ್ನಿಸಿತು.

ಮುನವ್ವರಾ ಕುರ್ಚಿಯಲ್ಲಿ ಕೂತಿರಲಿಲ್ಲ. ಗೋಡೆಗೆ ಒತ್ತಿ ನಿಂತಿದ್ದಳು. ಇಷ್ಟು ಕುಳ್ಳಿಯಾಗಿದ್ದಳೇ ಇವಳು? ಬುರ್ಖಾದ ಮುಸುಕು ಹಿಂದಕ್ಕೆ ಸರಿದು, ಗೋರಂಟಿ ಹಚ್ಚಿದ ಕೂದಲು ಕೆಂಪಗೆ ಕಾಣುತ್ತಿತ್ತು. ಅವನು ಒಳಗೆ ಕಾಲಿಟ್ಟದ್ದೇ ಅವಳ ಕಣ್ಣು ಅವನ ಮುಖಕ್ಕೆ ಬಂತು, ಅಲ್ಲಿಂದ ನೇರ ಬಲಗಿವಿಗೆ ಹೋಯಿತು. ಚಿಕ್ಕಂದಿನಲ್ಲಿ ಕುರುವಾಗಿತ್ತು ಎಂದು ಸುಮನಾಗೆ ಹೇಳಿ ನಂಬಿಸಿದ್ದ ಆ ತೂತು ಸುಟ್ಟ ಹಾಗಾಯಿತು. ಮುದುಕಿಯ ತುಟಿಗಳು ಅಲುಗಿದವು. ಈಗ ಬರುತ್ತದೆ, ಏನ್ಲಾ ಸಾಬಣ್ಣ ಎನ್ನುತ್ತಾಳೆ, ಅಂದುಬಿಡಲಿ, ಮುಗಿದೇ ಹೋಗಲಿ ಎಂದು ಅವನು ಕಾದ. ಅವಳು ಕಣ್ಣು ತೆಗೆದು ಹೆಡ್‌ಮಾಸ್ಟರ್ ಕಡೆ ತಿರುಗಿದಳು.

ಹೆಡ್‌ಮಾಸ್ಟರ್ ಮಹಾಲಿಂಗಯ್ಯನವರು ಕೆಟ್ಟವರಲ್ಲ, ಇನ್ನೆರಡು ವರ್ಷ ನೆಮ್ಮದಿಯಾಗಿ ಕಳೆದು ರಿಟೈರ್ ಆಗಬೇಕೆಂದಿರುವವರು. ‘ನೋಡೀಮ್ಮ, ನಿಮ್ ಮೊಮ್ಮಗಳು ಚೆನ್ನಾಗ್ ಓದ್ತಾಳೆ, ಇಲ್ಲ ಅನ್ನಲ್ಲ. ಆದ್ರೆ ಹಿಂದೂ ಮಗೂನ ಕೊಂಡ್ಕೊಂಡ್ವಿ, ಇನ್ನೂ ನಮ್ದೇ ಅಂತ ಕ್ಲಾಸಲ್ಲಿ ಓದವ್ಳೆ. ಒಬ್ರು ಪೇರೆಂಟು ಕಮಿಟೀಲಿರೋರು, ಇದೇನು ಸ್ಕೂಲಾ ಸಂತೆನಾ ಅಂತ ನನ್ ಮೇಲೆ ಕೂಗಾಡಿದ್ರು. ಕಾಲ ಹೆಂಗಿದೆ ನಿಮ್ಗೂ ಗೊತ್ತಲ್ಲ. ಸುಳ್ಳು ಬರ್ದೆ ಅಂತ ಹುಡುಗಿ ಒಪ್ಕೊಂಡ್ರೆ ಇಲ್ಲಿಗೇ ಬಿಟ್ಬುಡಾಣ. ಇಲ್ಲ ಅಂದ್ರೆ ಟಿಸಿ ತಗೊಂಡೋಗಿ ಅಂತಾರೆ, ನನ್ ಕೈಲೇನಿಲ್ಲ.’

‘ನಾನ್ ಸುಳ್ಳು ಬರ್ದಿಲ್ಲ’ ಎಂದಳು ಐಮನ್. ಅಜ್ಜಿಯ ಬುರ್ಖಾದ ತೋಳು ಹಿಡಿದು, ‘ಹೇಳು ದಾದಿ’ ಎಂದಳು.

ಮಹಾಲಿಂಗಯ್ಯನವರು ಇವನ ಕಡೆ ತಿರುಗಿದರು. ‘ನೀವೂ ಸಿ.ಎಸ್. ಪುರದ ಕಡೆಯೋರೇ ಅಲ್ವೇನ್ರೀ ಮಲ್ಲಿಕಾರ್ಜುನ್? ಇಂಥದ್ದೇನಾದ್ರೂ ಪದ್ಧತಿ ಇದ್ಯಾ ಆ ಕಡೆ? ಇದೆ ಅಂದ್ರೆ ನಾನೇ ಕಮಿಟಿಯೋರಿಗೆ ಸಮಾಧಾನ ಹೇಳ್ತೀನಪ್ಪ.’

ಇಷ್ಟು ಸುಲಭವಾದ ಬಾಗಿಲು ಅವನ ಜನ್ಮದಲ್ಲಿ ಯಾರೂ ತೆರೆದುಕೊಟ್ಟಿರಲಿಲ್ಲ. ಇದೆ ಸಾರ್ ಎಂದರೆ ಸಾಕು. ನಾನೇ ಅವನು ಎಂದೂ ಹೇಳಬೇಕಾಗಿಲ್ಲ. ನಮ್ಮ ಕಡೆ ಹಾಗೊಂದು ರೂಢಿಯಿದೆ, ಮಕ್ಕಳು ಉಳಿಯಲಿ ಅಂತ ಮಾಡುತ್ತಾರೆ ಎಂದರೆ ಹುಡುಗಿ ಉಳಿಯುತ್ತಾಳೆ. ಅದೆಲ್ಲ ಅರೆಕ್ಷಣದಲ್ಲಿ ಹೊಳೆಯಿತು. ಜೊತೆಗೇ, ನಿಮಗೆ ಹೇಗೆ ಗೊತ್ತು ಎಂದು ಇವರು ಕೇಳುವುದು, ಕೇಳಿದ್ದು ಕಮಿಟಿಗೆ ಹೋಗುವುದು, ಕುಣಿಗಲ್ಲಿಗೆ ಮುಟ್ಟುವುದು, ಸುಮನಾ ಅವನ ಕಿವಿಯನ್ನು ನೋಡುವುದು ಇವೂ ಹೊಳೆದವು. ಮುದುಕಿ ಅವನನ್ನೇ ನೋಡುತ್ತಿದ್ದಳು. ಮೇಜಿನ ಮೇಲಿದ್ದ ಪೇಪರ್ ವೇಟನ್ನು ನೋಡುತ್ತ, ‘ನಾನಂತೂ ಕೇಳಿಲ್ಲ ಸಾರ್’ ಎಂದ. ದನಿ ಚೆನ್ನಾಗಿಯೇ ಬಂತು.

ಮುನವ್ವರಾ ಉಸಿರು ಬಿಟ್ಟಳು. ಆಮೇಲೆ ಕೈ ಮುಗಿದಳು.

‘ಮೇಷ್ಟ್ರು ಹೇಳೋದೇ ಸರಿ ಸ್ವಾಮಿ. ಅಂಗೆಲ್ಲ ಏನೂ ಇಲ್ಲ. ಮಕ್ಳು ಕತೆ ಹೇಳು ಅಂತ ಪ್ರಾಣ ತಿಂತಾವೆ, ಬಾಯಿಗ್ ಬಂದಿದ್ದೇನೋ ಹೇಳ್ತೀನಿ. ಈ ಪೆದ್ದು ನಿಜ ಅನ್ಕೊಂಡು ಬರ್ಕೊಂಡ್ ಬಂದೈತೆ. ಸುಳ್ಳು ಹೇಳಿದ್ದು ನಾನು. ಮಗೀನ ಸ್ಕೂಲ್ ಬುಡಿಸ್ಬೇಡಿ.’

ಐಮನ್ ಹಿಡಿದಿದ್ದ ತೋಳನ್ನು ಬಿಟ್ಟಳು. ಅಳಲಿಲ್ಲ. ಅಜ್ಜಿಯ ಮುಖವನ್ನು, ಬೀದಿಯಲ್ಲಿ ಯಾರೋ ಗುರುತಿಲ್ಲದವರನ್ನು ನೋಡುವ ಹಾಗೆ ನೋಡಿದಳು. ‘ಸುಳ್ಳಾ ದಾದಿ? ಸಾಬಣ್ಣ ದೊಡ್ಡಪ್ಪ ಇಲ್ವಾ?’

‘ಇಲ್ಲ ಕಣವ್ವ’ ಎಂದಳು ಮುನವ್ವರಾ. ‘ನಂಗೆ ನಿಮ್ಮಪ್ಪ ಒಬ್ನೇ.’

‘ಆಯ್ತಲ್ಲ ಬಿಡಿ’ ಎಂದು ಮಹಾಲಿಂಗಯ್ಯನವರು ಖುಷಿಯಿಂದಲೇ ಎದ್ದರು. ‘ಹುಡುಗಿ ಕೈಲಿ ಇಂಗ್ಲಿಷ್ ಮೇಷ್ಟ್ರಿಗೊಂದು ಸಾರಿ ಹೇಳ್ಸಿ. ಅವರಿಗೂ ಪಾಪ ಸುಮ್ನೆ ತಲೆನೋವು.’

ಮೂವರೂ ವರಾಂಡಕ್ಕೆ ಬಂದರು. ಲೀಷರ್ ಬೆಲ್ಲು ಹೊಡೆದಿರಲಿಲ್ಲ, ಅಂಗಳ ಖಾಲಿಯಿತ್ತು. ಅವನಿಗೆ ಮುದುಕಿಯ ಕಾಲು ಹಿಡಿಯಬೇಕು ಎನ್ನಿಸಿತು, ನಿಜವಾಗಿಯೂ ಎನ್ನಿಸಿತು, ಮೊಣಕಾಲು ಸ್ವಲ್ಪ ಬಗ್ಗಿತು ಕೂಡ. ನಾಲ್ಕನೇ ಕ್ಲಾಸಿನ ಬಾಗಿಲಲ್ಲಿ ಕನ್ನಡ ಪಂಡಿತರು ನಿಂತು ಇತ್ತ ನೋಡುತ್ತಿದ್ದರು. ನೆಟ್ಟಗೆ ನಿಂತ. ಮುನವ್ವರಾ ತಲೆಯ ಮೇಲೆ ಮುಸುಕು ಎಳೆದುಕೊಂಡು, ಅವನ ಕಡೆ ನೇರ ನೋಡದೆ, ‘ಹುಡುಗಿ ಮೇಲೆ ಸಿಟ್ಟು ಮಡಿಕೋಬೇಡಿ ಮೇಷ್ಟ್ರೆ. ಚೆನ್ನಾಗಿ ಕಲಿಸಿ. ಕಲ್ಲಮ್ಮೋರು ಸೌಖ್ಯನಾ?’ ಎಂದಳು.

‘ಹೋಗಿ ನಾಲ್ಕು ವರ್ಷ ಆಯ್ತು’ ಎಂದ. ಎಷ್ಟು ಮೆಲ್ಲಗೆ ಎಂದರೆ ಅವನಿಗೇ ಕೇಳಿಸಲಿಲ್ಲ. ಅವಳಿಗೆ ಕೇಳಿಸಿತು. ಮುಸುಕಿನ ತುದಿಯಿಂದ ಕಣ್ಣೊರೆಸಿಕೊಂಡಳು. ನಂಗ್ಯಾಕೆ ಹೇಳಲಿಲ್ಲ ಎಂದು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಆಮೇಲೆ ಮೊಮ್ಮಗಳ ಬೆನ್ನು ತಟ್ಟಿ, ‘ಹೇಳವ್ವ, ಮೇಷ್ಟ್ರಿಗೆ ತಪ್ಪಾಯ್ತು ಅನ್ನು’ ಎಂದಳು.

ಹುಡುಗಿ ಎದುರಿಗೆ ಬಂದು ನಿಂತಳು. ‘ತಪ್ಪಾಯ್ತು ಸಾರ್...’

‘ಇನ್ ಇಂಗ್ಲಿಷ್’ ಎಂದ ಮಲ್ಲಿಕಾರ್ಜುನ.

ಹೇಳಬೇಕೆಂದು ಹೇಳಿದ್ದಲ್ಲ. ಇಂಗ್ಲಿಷ್ ಸರ್ ಜೊತೆ ಇಂಗ್ಲಿಷಿನಲ್ಲೇ ಮಾತಾಡಬೇಕು ಎನ್ನುವುದು ಅವನೇ ಮಾಡಿದ್ದ ಕಾನೂನು, ದಿನಕ್ಕೆ ಐವತ್ತು ಸಲ ಹೇಳುವ ಮಾತು, ಬಾಯಿ ತಾನಾಗಿ ಹೇಳಿಬಿಟ್ಟಿತು. ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಹುಡುಗಿ ಕೈಕಟ್ಟಿ, ಕ್ಲಾಸಿನಲ್ಲಿ ಪಾಠ ಒಪ್ಪಿಸುವಂತೆ ನೆಟ್ಟಗೆ ನಿಂತು, ಈ ಸಲ ಎಲ್ಲೂ ತಡೆಯದೆ ಹೇಳಿದಳು:

‘ಐ ಆಮ್ ಸಾರಿ, ಸರ್. ಮೈ ಗ್ರ್ಯಾಂಡ್‌ಮದರ್ ಟೋಲ್ಡ್ ಮಿ ಎ ಲೈ.’

ಮುನವ್ವರಾಗೆ ಇಂಗ್ಲಿಷ್ ಬಾರದು. ಅವಳ ಒದ್ದೆ ಮುಖ ಅಗಲವಾಯಿತು. ಹೆಮ್ಮೆಯನ್ನು ತಡೆದುಕೊಳ್ಳಲಾರದೆ, ಇಷ್ಟು ಹೊತ್ತು ಆದದ್ದನ್ನೆಲ್ಲ ಮರೆತವಳ ಹಾಗೆ ಮೊದಲ ಬಾರಿಗೆ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

‘ಸರ್ಯಾಗ್ ಹೇಳಿದ್ಲಾ ಮೇಷ್ಟ್ರೆ?’

‘ಹೂಂ’ ಎಂದ. ‘ಒಂದೂ ತಪ್ಪಿಲ್ಲ.’